ಮಳೆಯ ರಜೆ ಕಲಿಸಿದ ಪಾಠ

ಜುಲೈ ತಿಂಗಳ ಒಂದು ಬೆಳಿಗ್ಗೆ. ರಾತ್ರಿಯಿಡೀ ಸುರಿದ ಮಳೆ ಇನ್ನೂ ನಿಂತಿರಲಿಲ್ಲ. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದ್ದಾರೆಂಬ ಸುದ್ದಿ ಬಂದಾಗ ನನ್ನ ಮಗ ಯೂನಿಫಾರ್ಮ್ ತೊಟ್ಟು, ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದ. ನೆರೆಮನೆಯ ಮಕ್ಕಳು "ರಜೆ, ರಜೆ" ಎಂದು ಕುಣಿಯುತ್ತಿದ್ದರು. ನನ್ನ ಮಗ ಮಾತ್ರ ನೆಲಕ್ಕೆ ಬಿದ್ದು, ಕಿವಿ ಮುಚ್ಚಿಕೊಂಡು, ತಲೆಯನ್ನು ಗೋಡೆಗೆ ಬಡಿಯತೊಡಗಿದ. ಒಂದು ಗಂಟೆಯಾದರೂ ನಿಲ್ಲಲಿಲ್ಲ. ಕೊನೆಗೆ ನಾನು ಸಹನೆಗೆಟ್ಟು ಅವನ ಬೆನ್ನಿಗೆ ಹೊಡೆದೆ. ಆಮೇಲೆ ಅಡುಗೆ ಕೋಣೆಗೆ ಹೋಗಿ ಅತ್ತುಬಿಟ್ಟೆ.

ನನ್ನ ಮಗನಿಗೆ ಆಟಿಸಂ ಇದೆ. ಆಗ ಅವನಿಗೆ 8 ವರ್ಷ. ಪತಿ ಗಲ್ಫಿನಲ್ಲಿ. ಮನೆಯಲ್ಲಿ ನಾನು, ಅತ್ತೆ, ದೊಡ್ಡ ಮಗಳು ಮತ್ತು ಅವನು.

"ಹಠ ಹೆಚ್ಚಾಯಿತು, ಮುದ್ದು ಮಾಡಿ ಕೆಡಿಸಿದ್ದೀಯಾ" ಎಂದು ಬಂಧುಗಳು ಹೇಳುತ್ತಿದ್ದರು. ಅದು ಹಠವಲ್ಲ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ಗಮನಿಸಿ ಆಟಿಸಂ ಬಗ್ಗೆ ವಿವರವಾಗಿ ಬರೆದಾಗಲೇ, ಎಲ್ಲವೂ ಇದ್ದಂತೆಯೇ ಇರಬೇಕೆಂಬ ಈ ಮಕ್ಕಳ ತವಕವನ್ನು ಗುರುತಿಸಿದ್ದರು. ಮುಂದೇನಾಗುತ್ತದೆ ಎಂಬುದು ಗೊತ್ತಿಲ್ಲದಿರುವುದು ಅವರಿಗೆ ಭಯ. ಕತ್ತಲೆಯಲ್ಲಿ ಮೆಟ್ಟಿಲು ಇಳಿಯುವಾಗ ಇದೆಯೆಂದುಕೊಂಡ ಮೆಟ್ಟಿಲು ಇಲ್ಲದಿದ್ದರೆ ನಮ್ಮ ಎದೆ ಹೇಗೆ ಝಲ್ಲೆನ್ನುತ್ತದೋ ಹಾಗೆ.

ದಿನಚರಿ ಇರಲಿ ಎಂದು ಥೆರಪಿಸ್ಟ್ ಮೊದಲೇ ಹೇಳಿದ್ದರು. ನಾನು ಅದನ್ನು ಅತಿಯಾಗಿ ಪಾಲಿಸಿದೆ. 6:30ಕ್ಕೆ ಏಳುವುದು, 7ಕ್ಕೆ ಸ್ನಾನ, 7:20ಕ್ಕೆ ತಿಂಡಿ ಎಂದು ಬರೆದು ಗೋಡೆಗೆ ಅಂಟಿಸಿದೆ. ಅವನು ಗಡಿಯಾರ ನೋಡಲು ಕಲಿತ, ಮನೆಗೇ ಪೊಲೀಸನಾದ. ಹಾಲು ಎರಡು ನಿಮಿಷ ತಡವಾದರೆ ಕಿರುಚಾಟ. ನೆಂಟರು ಬರುವಂತಿಲ್ಲ, ಮದುವೆಗೆ ನಾವು ಹೋಗುವಂತಿಲ್ಲ. ಒಂದು ದಿನ ಮಗಳು ಮೆಲ್ಲನೆ ಕೇಳಿದಳು: "ಉಮ್ಮಾ, ನನ್ನ ಗೆಳತಿ ನಮ್ಮ ಮನೆಗೆ ಬರಲು ಯಾವ ಸಮಯ ಬರೆದಿದ್ದೀರಿ?" ನನ್ನಲ್ಲಿ ಉತ್ತರವಿರಲಿಲ್ಲ.

ಮಳೆಯ ರಜೆಯ ಘಟನೆಯ ಬಳಿಕ ಥೆರಪಿಸ್ಟ್ ಬಳಿ ಎಲ್ಲವನ್ನೂ ಹೇಳಿದೆ, ಹೊಡೆದದ್ದನ್ನೂ. ಅವರು ಬೈಯಲಿಲ್ಲ. "ಅವನಿಗೆ ದಿನಚರಿ ಕೊಟ್ಟಿದ್ದೀರಿ. ದಿನ ಬದಲಾದರೆ ಏನು ಮಾಡಬೇಕೆಂದು ಕಲಿಸಿಲ್ಲ" ಎಂದರು.

ದಾರಿ ತೋರಿಸಿದ್ದು ನನ್ನ ಅತ್ತೆ. "ನನಗೆ ಗಡಿಯಾರ ನೋಡಲು ಬರುವುದಿಲ್ಲ ಮಗಳೇ. ಅಸರ್ ಬಾಂಗ್ ಆದ ಮೇಲೆ ಚಹಾ, ಮಗ್ರಿಬ್ ನಮಾಝ್ ಆದ ಮೇಲೆ ರಾತ್ರಿಯ ಅಡುಗೆ. ಇಷ್ಟು ವರ್ಷ ಮನೆ ನಡೆಯಲಿಲ್ಲವೇ?" ಎಂದರು. ನಾನು ಯೋಚಿಸಿದೆ. ನಮ್ಮ ಕರಾವಳಿಯಲ್ಲಿ ನವೆಂಬರಿನಲ್ಲಿ ಸುಮಾರು 6 ಗಂಟೆಗೆ ಆಗುವ ಮಗ್ರಿಬ್, ಜುಲೈಯಲ್ಲಿ ಸುಮಾರು 7 ಗಂಟೆಗೆ. ಸಮಯ ಸರಿಯುತ್ತಲೇ ಇರುತ್ತದೆ, ಸರದಿ ಮಾತ್ರ ಬದಲಾಗುವುದಿಲ್ಲ. ನನ್ನ ಮಗನಿಗೆ ಬೇಕಾಗಿದ್ದದ್ದು ಆ ಸರದಿ.

ಗೋಡೆಯ ಪಟ್ಟಿಯನ್ನು ಕಿತ್ತುಹಾಕಿದೆ. ರಟ್ಟಿನ ಚೂರುಗಳಲ್ಲಿ ಸ್ನಾನ, ತಿಂಡಿ, ಶಾಲೆ, ಆಟ, ನಿದ್ದೆಯ ಚಿತ್ರಗಳನ್ನು ಮಗಳೇ ಬಿಡಿಸಿದಳು. ಹಿಂದೆ ವೆಲ್ಕ್ರೋ ಅಂಟಿಸಿ ಸಾಲಾಗಿ ಜೋಡಿಸಿದೆವು. ಮುಗಿದ ಕೆಲಸದ ಚಿತ್ರವನ್ನು ಅವನೇ ಕಿತ್ತು ಡಬ್ಬಿಗೆ ಹಾಕಬೇಕು. ಗಂಟೆ, ನಿಮಿಷ ಎಲ್ಲಿಯೂ ಇಲ್ಲ. ಏಳುವುದು, ಊಟ, ಸ್ನಾನ, ಮಲಗುವುದು ಎಂಬ ನಾಲ್ಕು ಗೂಟಗಳು ಮಾತ್ರ ಗಟ್ಟಿ. ನಡುವಿನದ್ದರಲ್ಲಿ ಎರಡು ಚಿತ್ರ ತೋರಿಸಿ ಒಂದನ್ನು ಆರಿಸಲು ಬಿಡುತ್ತೇನೆ.

ಇನ್ನೊಂದು ಹಳದಿ ಚೀಟಿಯೂ ಇದೆ. ಅದರಲ್ಲಿ ಚಿತ್ರವಿಲ್ಲ. ಅದರ ಅರ್ಥ 'ಬದಲಾವಣೆ'. ಮೊದಲ ತಿಂಗಳು ಅದನ್ನು ಅವನಿಗೆ ಇಷ್ಟವಾದುದಕ್ಕೆ ಮಾತ್ರ ಬಳಸಿದೆ. ಓದಿನ ಬದಲು ಐಸ್‌ಕ್ರೀಂ, ಲೆಕ್ಕದ ಬದಲು ಉಯ್ಯಾಲೆ. ಬದಲಾವಣೆ ಎಂದರೆ ಕೆಟ್ಟದ್ದೇ ಅಲ್ಲ ಎಂದು ಅವನಿಗೆ ತಿಳಿದ ಮೇಲೆ, ನೀರ್ ದೋಸೆಯ ಬದಲು ಉಪ್ಪಿಟ್ಟಿನಂತಹ ಸಣ್ಣ ಇಷ್ಟವಿಲ್ಲದವುಗಳಿಗೆ ಬಂದೆ. ಅವನಿಗೆ ಸುಸ್ತಾಗಿರುವ ದಿನ ಅಥವಾ ಮನೆಯಲ್ಲಿ ಗದ್ದಲವಿರುವ ದಿನ ಹೊಸತೇನನ್ನೂ ತರುವುದಿಲ್ಲ. ಅಲ್ಮೇರಾದ ಪಕ್ಕದ ಮೂಲೆಯಲ್ಲಿ ಚಾಪೆ, ದಿಂಬು ಇಟ್ಟಿದ್ದೇವೆ. ಅಲ್ಲಿ ಕುಳಿತಾಗ ಯಾರೂ ಅವನನ್ನು ಮಾತನಾಡಿಸುವಂತಿಲ್ಲ.

ನಿಜವಾದ ಪರೀಕ್ಷೆ ರಮಝಾನ್. ಊಟದ ಹೊತ್ತು, ನಿದ್ದೆ, ಮನೆಯ ಸದ್ದು ಎಲ್ಲವೂ ತಲೆಕೆಳಗಾಗುವ ತಿಂಗಳು. ಈ ಬಾರಿ ಎರಡು ವಾರ ಮೊದಲೇ ಸಹರಿ, ಇಫ್ತಾರ್‌ಗಳ ಚಿತ್ರ ತೋರಿಸತೊಡಗಿದೆವು. ಅವನ ಮಧ್ಯಾಹ್ನದ ಊಟ ಮಾತ್ರ ಎಂದಿನಂತೆ. ಹಬ್ಬದ ಅಂಗಿಯ ಕೊರಳಪಟ್ಟಿಯ ಚೀಟಿ ಕತ್ತರಿಸಿ, ಎರಡು ಬಾರಿ ಒಗೆದು ಮೆತ್ತಗೆ ಮಾಡಿದೆ. ಪೆರ್ನಾಳ್ ನಾಳೆಯೋ ನಾಡಿದ್ದೋ ಎಂದು ಚಂದ್ರ ಕಾಣುವವರೆಗೆ ನಮಗೇ ಗೊತ್ತಿರುವುದಿಲ್ಲವಲ್ಲ! ಅದಕ್ಕೆ ಎರಡು ಸಾಲು ಜೋಡಿಸಿದೆವು: ಚಂದ್ರ ಕಂಡರೆ ಇದು, ಕಾಣದಿದ್ದರೆ ಅದು. ಆ ಸಂಜೆ ಅವನು ಅಂಗಳದಲ್ಲಿ ಅಜ್ಜಿಯ ಕೈಹಿಡಿದು ಆಕಾಶ ನೋಡುತ್ತಾ ನಿಂತಿದ್ದ.

ಎಲ್ಲ ಮಕ್ಕಳಿಗೂ ಇದೇ ಮದ್ದಲ್ಲ. ನನ್ನ ತಂಗಿಯ ಮಗಳಿಗೆ ಎಡಿಎಚ್‌ಡಿ. ಅವಳಿಗೆ ಒಂದೇ ರೀತಿಯ ದಿನಚರಿ ವಾರದಲ್ಲೇ ಬೇಸರ. ಕೆಲಸವನ್ನು ಹತ್ತು ನಿಮಿಷಗಳ ತುಂಡುಗಳಾಗಿ ಮಾಡಿ, ಕಣ್ಣೆದುರು ಟೈಮರ್ ಇಟ್ಟು, ಆಗಾಗ ಸರದಿ ಬದಲಿಸಿದರೆ ಮಾತ್ರ ನಡೆಯುತ್ತದೆ. ಮಗುವನ್ನು ನೋಡಿಯೇ ದಿನಚರಿಯ ಅಳತೆ ತೆಗೆಯಬೇಕು, ಅಂಗಿಗೆ ತೆಗೆದ ಹಾಗೆ.

ತಾಯಂದಿರೇ, ಶಾಲೆಯವರೊಂದಿಗೆ ಮಾತನಾಡಲು ಸಂಕೋಚಪಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದ ವೈಕಲ್ಯಗಳಲ್ಲಿ ಆಟಿಸಂ ಕೂಡಾ ಸೇರಿದೆ. ನನ್ನ ಮಗನ ಟೀಚರ್ ಈಗ ಶಾಲೆಯಲ್ಲಿ ಕಾರ್ಯಕ್ರಮವಿದ್ದರೆ ಹಿಂದಿನ ದಿನವೇ ನನಗೆ ಸಂದೇಶ ಕಳಿಸುತ್ತಾರೆ. ನಾನು ಕೇಳಿದ್ದು ಅಷ್ಟೇ, ಅದರಿಂದ ಉಪಕಾರವಾದದ್ದು ಬಹಳ.

ಈ ಮಳೆಗಾಲದಲ್ಲಿ ಮತ್ತೆ ರಜೆ ಬಂತು. ನನ್ನ ಎದೆ ಹೊಡೆದುಕೊಂಡಿತು. ಅವನು ಅತ್ತ, ಹತ್ತು ನಿಮಿಷ. ನಂತರ ಎದ್ದು ಶಾಲೆಯ ಚಿತ್ರವನ್ನು ಕಿತ್ತು, ಅಲ್ಲಿ ಹಳದಿ ಚೀಟಿ ಅಂಟಿಸಿದ. ಚೀಲವನ್ನು ಮಾತ್ರ ಹೆಗಲಿನಿಂದ ಇಳಿಸಲಿಲ್ಲ. ಮಧ್ಯಾಹ್ನದವರೆಗೂ ಅದನ್ನು ಹೊತ್ತುಕೊಂಡೇ ಮನೆಯಲ್ಲೆಲ್ಲಾ ಓಡಾಡಿದ. ಇರಲಿ, ಅದರಿಂದ ಯಾರಿಗೇನು ತೊಂದರೆ?

ಅವನ ಪಕ್ಕದಲ್ಲಿ ಕುಳಿತು, "ಕಳೆದ ವರ್ಷ ಉಮ್ಮ ನಿನಗೆ ಹೊಡೆದೆ, ತಪ್ಪು ಮಾಡಿದೆ" ಎಂದೆ. ಅವನು ಏನೂ ಹೇಳಲಿಲ್ಲ. ತಿಂಡಿಯ ಚಿತ್ರವನ್ನು ಕಿತ್ತು ನನ್ನ ಕೈಯಲ್ಲಿಟ್ಟ. ನಾನು ದೋಸೆ ಹೊಯ್ಯಲು ಎದ್ದೆ.