ಮರಳಿ ಮೇಲುಕೋಟೆಗೆ

ಪರದೇಶದಲ್ಲಿ ಬಹುಕಾಲ ನೆಲೆಸಿದವನು ತಾಯ್ನಾಡನ್ನು ಎರಡು ಬಗೆಯಲ್ಲಿ ಕಾಣಬಹುದು. ಮೂರು ವಾರದ ರಜೆಯಲ್ಲಿ ಬಂದುಹೋಗುವವನಿಗೆ ಊರು ಹಬ್ಬದ ಮನೆಯಂತೆ ತೋರುತ್ತದೆ. ಪೆಟ್ಟಿಗೆಗಳನ್ನು ಅಟ್ಟಕ್ಕೇರಿಸಿ ಉಳಿಯಲು ಬಂದವನಿಗೆ ಕಾಣುವ ಊರೇ ಬೇರೆ. ಇಪ್ಪತ್ತು ವರ್ಷ ಕೆನಡಾ ದೇಶದ ಟೊರಾಂಟೊ ನಗರದಲ್ಲಿದ್ದು, 2023ರ ಬೇಸಗೆಯಲ್ಲಿ ಮೇಲುಕೋಟೆಗೆ ಮರಳಿದ ನನಗೆ ಈ ಭೇದವನ್ನರಿಯಲು ಒಂದು ಮಳೆಗಾಲವೇ ಬೇಕಾಯಿತು.

2003ರಲ್ಲಿ ನಾನು ಹೊರಟಾಗ ಬೆಂಗಳೂರಿನ ವಿಮಾನಗಳು ಎಚ್.ಎ.ಎಲ್. ನಿಲ್ದಾಣದಿಂದ ಏರುತ್ತಿದ್ದವು. 2008ರಿಂದ ದೇವನಹಳ್ಳಿಯ ನಿಲ್ದಾಣವು ಆ ಕೆಲಸವನ್ನು ವಹಿಸಿಕೊಂಡಿದೆ. ಅಲ್ಲಿಳಿದು ಮೈಸೂರಿನ ಕಡೆ ಹೊರಟರೆ ದಾರಿಯೂ ಹೊಸದು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ 118 ಕಿಲೋಮೀಟರಿನ ದಶಪಥ ಹೆದ್ದಾರಿಯು ಚನ್ನಪಟ್ಟಣದ ಬೊಂಬೆಯಂಗಡಿಗಳನ್ನೂ ಮದ್ದೂರಿನ ವಡೆಯ ಪರಿಮಳವನ್ನೂ ಪಕ್ಕಕ್ಕೆ ಬಿಟ್ಟು ಓಡುತ್ತದೆ.

"ಮದ್ದೂರು ಎಷ್ಟು ಹೊತ್ತಿಗೆ ಬರುತ್ತದಪ್ಪ?" ಎಂದು ಕೇಳಿದೆ.

"ಆಗಲೇ ಹೋಯ್ತಲ್ಲ ಸಾರ್!" ಎಂದು ಚಾಲಕನು ನಕ್ಕ.

ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯನ್ನು ಬಿಟ್ಟು, ಪಾಂಡವಪುರವನ್ನು ದಾಟಿ, ಜಕ್ಕನಹಳ್ಳಿಯಲ್ಲಿ ಹೊರಳಿದ ಮೇಲೆ ರಸ್ತೆಯು ಬೆಟ್ಟವನ್ನೇರತೊಡಗುತ್ತದೆ. ಬಂಡೆಯ ನೆತ್ತಿಯಲ್ಲಿ ಯೋಗನರಸಿಂಹನ ಗುಡಿ, ಅದರಡಿಯಲ್ಲಿ ಮಂಟಪಗಳು ಸುತ್ತುವರಿದ ಕಲ್ಯಾಣಿ, ಊರಿನಂಚಿನಲ್ಲಿ ಅಪೂರ್ಣವಾಗಿಯೇ ನಿಂತ ರಾಯಗೋಪುರ, ಯಾವುದೂ ಕದಲಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಶ್ರೀ ರಾಮಾನುಜಾಚಾರ್ಯರು ನೆಲೆಸಿದ್ದ ಊರಿದು. ಇಲ್ಲಿಯ ಉತ್ಸವಮೂರ್ತಿಯೂ ದೂರ ಹೋಗಿ ಮರಳಿದವನೇ ಎಂದು ಸ್ಥಳಪುರಾಣವು ಹೇಳುತ್ತದೆ. ದೆಹಲಿಯ ಅರಮನೆಯಲ್ಲಿದ್ದ ವಿಗ್ರಹವನ್ನು ಆಚಾರ್ಯರು ಕಂದನನ್ನು ಕರೆಯುವಂತೆ ಕರೆದರಂತೆ. ಅದು ನಡೆದುಬಂದು ಅವರ ತೊಡೆಯನ್ನೇರಿತಂತೆ. ಅಂದಿನಿಂದ ಸ್ವಾಮಿಗೆ ಚೆಲುವಪಿಳ್ಳೆಯೆಂದು ಹೆಸರಾಯಿತು. ದೇವರಿಗಾದರೆ ಮರಳುವುದು ಇಷ್ಟು ಸುಲಭ!

ನಮ್ಮದು ನಾಡಹೆಂಚಿನ ತೊಟ್ಟಿಮನೆ. 2020ರ ಏಪ್ರಿಲಿನಲ್ಲಿ ತಂದೆಯವರು ಅಲ್ಲಿಯೇ ತೀರಿಕೊಂಡರು. ಮಹಾಮಾರಿಯ ಕಾರಣದಿಂದ ಆ ವರ್ಷ ಮಾರ್ಚಿ 23ರಿಂದ ಭಾರತಕ್ಕೆ ಬರುವ ನಿಯತ ವಿಮಾನಗಳೆಲ್ಲ ನಿಂತುಹೋಗಿದ್ದವು. ಕೈಯಲ್ಲಿ ಹಣವಿತ್ತು, ಏರಲು ವಿಮಾನವಿರಲಿಲ್ಲ. ಅಣ್ಣನೊಬ್ಬನೇ ಉತ್ತರಕ್ರಿಯೆಗಳನ್ನು ನಡೆಸಿದ. ಆ ಋಣವನ್ನು ತೀರಿಸಬೇಕೆಂದೋ ಏನೋ, ಮನೆಯನ್ನು ಹೊಸದಾಗಿ ಕಟ್ಟಿಸಿಕೊಡುವ ನಕ್ಷೆಯೊಂದನ್ನು ಬರೆಯಿಸಿ ತಂದಿದ್ದೆ. ಹಿತ್ತಲ ಕಡೆಯ ಅಡಿಗೆಮನೆಯನ್ನು ಕೆಡವಿ, ನೆಲವನ್ನೆತ್ತರಿಸಿ, ಎರಡು ಕೊಠಡಿಗಳನ್ನು ಕಟ್ಟಬೇಕೆಂಬುದು ನನ್ನ ಯೋಜನೆ.

ಅಣ್ಣ ಕನ್ನಡಕವನ್ನೊರೆಸಿಕೊಂಡು ನಕ್ಷೆಯನ್ನು ನೋಡಿದ, ಮಡಿಸಿಟ್ಟ.

"ಒಂದು ಮಳೆಗಾಲ ಈ ಮನೆಯಲ್ಲಿ ಇರು. ಆಮೇಲೆ ಮಾತನಾಡೋಣ" ಎಂದ.

ನನಗೆ ಕೋಪ ಬಂತು. ಕಲ್ಯಾಣಿಯ ಮೆಟ್ಟಿಲಮೇಲೆ ಹೋಗಿ ಕುಳಿತೆ. ಆಗ ಹೀಗೆಯೇ ಮರಳಿಬಂದ ಮಹನೀಯರೊಬ್ಬರ ನೆನಪಾಯಿತು. ದಕ್ಷಿಣ ಆಫ್ರಿಕದಲ್ಲಿ ಸುಮಾರು ಎರಡು ದಶಕಗಳನ್ನು ಕಳೆದ ಗಾಂಧೀಜಿಯವರು 1915ರ ಜನವರಿ 9ರಂದು ಮುಂಬಯಿಯಲ್ಲಿ ಇಳಿದರು. ಒಂದು ವರ್ಷ ದೇಶವನ್ನು ಸುತ್ತಿ ನೋಡಬೇಕು, ಅಲ್ಲಿಯವರೆಗೆ ಸಾರ್ವಜನಿಕ ವಿಷಯಗಳಲ್ಲಿ ಅಭಿಪ್ರಾಯ ಹೇಳಬಾರದು ಎಂದು ಗೋಪಾಲಕೃಷ್ಣ ಗೋಖಲೆಯವರು ಅವರಿಂದ ಮಾತು ಪಡೆದರು. ಮರುತಿಂಗಳೇ ಗೋಖಲೆಯವರು ಕಾಲವಾದರು. ಗಾಂಧೀಜಿ ಮಾತನ್ನು ಮರೆಯದೆ ಮೂರನೆಯ ದರ್ಜೆಯ ಗಾಡಿಗಳಲ್ಲಿ ದೇಶವನ್ನು ಸುತ್ತಿದರು. ಅದೇ ಮೇ ತಿಂಗಳಲ್ಲಿ ಬೆಂಗಳೂರಿಗೂ ಬಂದು ಗೋಖಲೆಯವರ ಭಾವಚಿತ್ರವನ್ನು ಅನಾವರಣಗೊಳಿಸಿದರು. ಅಂಥವರಿಗೇ ಒಂದು ವರ್ಷ ಬೇಕಾಗಿದ್ದರೆ ನನಗೆ ಒಂದು ಮಳೆಗಾಲವು ಹೆಚ್ಚೇ? ಎದ್ದು ಮನೆಗೆ ಬಂದೆ.

ಆ ವರ್ಷ ರಾಜ್ಯದಲ್ಲಿ ಮಳೆ ಬಹಳ ಕಡಮೆ. ಆದರೂ ಒಂದು ರಾತ್ರಿ ಗುಡುಗಿ ಸುರಿಯಿತು. ನಾಲ್ಕು ಕಡೆಯ ಸೂರಿನಿಂದ ನೀರು ತೊಟ್ಟಿಗಿಳಿದು, ಮೂಲೆಯ ಕಲ್ಲಿನ ರಂಧ್ರದಲ್ಲಿ ಸುಳಿಸುತ್ತಿ ಮಾಯವಾಗುತ್ತಿತ್ತು. ಅಣ್ಣ ದೀಪ ಹಿಡಿದು ನನ್ನನ್ನು ಹಿತ್ತಲಿಗೆ ಕರೆದೊಯ್ದ. ಅಡಿಗೆಮನೆಯ ಅಡಿಯಿಂದ ಕಲ್ಲಿನ ಮೋರಿಯೊಂದು ಹೊರಬಂದು, ಬಾವಿಯ ಪಕ್ಕದ ಮರಳಿನ ಗುಂಡಿಗೆ ನೀರನ್ನು ಇಳಿಸುತ್ತಿತ್ತು. ಹುಟ್ಟಿ ಬೆಳೆದ ಮನೆಯಲ್ಲಿ ಈ ಮೋರಿಯನ್ನು ನಾನು ಎಂದೂ ಗಮನಿಸಿರಲಿಲ್ಲ. ನನ್ನ ನಕ್ಷೆಯಂತೆ ಕಟ್ಟಿದ್ದರೆ ಅದು ಮುಚ್ಚಿಹೋಗಿ, ತೊಟ್ಟಿಯ ನೀರು ಅಣ್ಣ ಅತ್ತಿಗೆ ಮಲಗುವ ಕೋಣೆಗೆ ನುಗ್ಗುತ್ತಿತ್ತು, ಬಾವಿಯೂ ಬತ್ತುತ್ತಿತ್ತು.

"ಮಳೆಗೆ ಮುಂಚೆ ಪ್ರತಿ ವರ್ಷವೂ ಅಪ್ಪ ಇದನ್ನು ಶುಚಿಮಾಡುತ್ತಿದ್ದರು. ಅವರು ಹೋದಮೇಲೆ ನಾನು ಮಾಡುತ್ತಿದ್ದೇನೆ. ಮುಂದಿನ ವರ್ಷ ನೀನು ಮಾಡು" ಎಂದ ಅಣ್ಣ.

ಇಪ್ಪತ್ತು ವರ್ಷಗಳಲ್ಲಿ ಈ ಮನೆಯವರು ನನಗೆ ಉಪಚಾರ ಮಾಡಿದ್ದರು. ಕೆಲಸ ಹೇಳಿದ್ದು ಅದೇ ಮೊದಲು.

2024ರ ಬೇಸಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗಾಗಿ ಹಾಹಾಕಾರವೆದ್ದಾಗ ನಮ್ಮ ಬಾವಿಯ ತಳದಲ್ಲಿ ಇನ್ನೂ ನೀರಿತ್ತು. ಮೇ ತಿಂಗಳ ಒಂದು ಬೆಳಗ್ಗೆ ಪಂಚೆಯನ್ನು ಎತ್ತಿಕಟ್ಟಿ ಮೋರಿಯ ಹೂಳನ್ನು ತೆಗೆದೆ. ಅಣ್ಣ ಜಗಲಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದ. ಎದ್ದು ಬಂದು ಬಗ್ಗಿ ನೋಡಿ, "ಆ ಮೂಲೆ ಬಿಟ್ಟಿದ್ದೀಯೆ" ಎಂದ. ನನ್ನ ನಕ್ಷೆಯ ಬೆನ್ನಮೇಲೆ ಅತ್ತಿಗೆ ಈಗ ಹಾಲಿನ ಲೆಕ್ಕ ಬರೆಯುತ್ತಾರೆ.