ಎರೆಯ ನೆಲದಿಂದ ಕಡಲ ಸವಾರಿಗೆ

ಹುಬ್ಬಳ್ಳಿಯಿಂದ ಗದಗಿನ ಹಾದಿ ಹಿಡಿದರೆ ಸಿಗುವ ಶಿರಗುಪ್ಪಿ ಎರೆಯ ಭೂಮಿಯ ಊರು. ಮಳೆಗಾಲದಲ್ಲಿ ಕಾಲಿಗಂಟುವ ಕೆಸರು, ಬೇಸಗೆಯಲ್ಲಿ ಬಾಯ್ದೆರೆದ ಬಿರುಕು. ನೀರಿನ ಮೇಲೆ ನಿಂತು ಸವಾರಿ ಮಾಡುವ ಯೋಚನೆ ಅಲ್ಲಿ ಯಾರಿಗೂ ಹೊಳೆಯದು. ಆದರೂ ನನ್ನನ್ನು ಕಾರವಾರಕ್ಕೆ ಕರೆದೊಯ್ದವನು ಆ ಊರಿನವನೇ, ನನ್ನ ಹಳೆಯ ಶಿಷ್ಯ. ಪಂಪ್‌ಸೆಟ್ ದುರಸ್ತಿ ಅವನ ಕಸುಬು.

ಅವನ ಗೆಳೆಯನ ಜೆಟ್ ಸ್ಕೀ ಮರಳ ಮೇಲೆ ಮಗ್ಗುಲಾಗಿತ್ತು. ಆಸನವಿಲ್ಲ, ಉದ್ದನೆಯ ಹಿಡಿಕೋಲೊಂದೇ. 1970ರ ದಶಕದ ಆರಂಭದಲ್ಲಿ ಕವಾಸಾಕಿ ಕಂಪನಿ ಮಾರಾಟಕ್ಕೆ ತಂದ ಯಂತ್ರದ ವಂಶಜ. ಎಂಜಿನ್ ಅರಚುತ್ತಿತ್ತು, ಗಾಡಿ ಓಡುತ್ತಿರಲಿಲ್ಲ. ಶಿಷ್ಯನು ಕೊಳವೆಯೊಳಗೆ ಬೆರಳಾಡಿಸಿ ನಕ್ಕನು: “ನಮ್ಮ ಹೊಲದ ಪಂಪೇ ಐತ್ರೀ ಸರ. ಉಸುಕು ತಿಂದೈತಿ.” ಅಡಿಯಿಂದ ನೀರು ಹೀರಿ ಹಿಂದಕ್ಕೆ ಉಗುಳುವ ಚಕ್ರಕ್ಕೂ ಸುತ್ತಣ ಬಳೆಗೂ ನಡುವೆ ಕೂದಲೆಳೆಯ ಸಂದು ಮಾತ್ರವಿರಬೇಕು, ಮರಳು ಬಳೆಯನ್ನು ಸವೆಸಿತ್ತು. ಹೊಸ ಬಳೆ ತೊಡಿಸಲು ಎರಡು ದಿನ ಹಿಡಿಯಿತು. ವೇಗಕ್ಕಾಗಿ ಚಕ್ರದ ರೆಕ್ಕೆಗಳ ಓರೆಯನ್ನೂ ತಿದ್ದೆಂದು ಗೆಳೆಯ ಕಾಡಿದನು, ಇವನು ಒಪ್ಪಲಿಲ್ಲ.

ನಾನೂ ಏರಿ ನಿಂತೆ. ಚುಕ್ಕಾಣಿಯಿಲ್ಲದ ಈ ವಾಹನವನ್ನು ಚಿಮ್ಮುವ ನೀರೇ ತಿರುಗಿಸಬೇಕು. ಎದುರಿಗೆ ಮೀನುದೋಣಿ ಬಂದಾಗ ಹೆದರಿ ಥ್ರಾಟಲ್ ಬಿಟ್ಟೆ. ಹಿಡಿಕೋಲು ತಿರುಗಿತು, ಗಾಡಿ ತಿರುಗಲಿಲ್ಲ. ನೇರವಾಗಿ ದೋಣಿಯತ್ತಲೇ ಜಾರಿತು. “ಒತ್ರೀ ಸರ, ಬಿಡಬ್ಯಾಡ್ರೀ!” ದಡದಿಂದ ಕೂಗು. ಒತ್ತಿದೆ. ಮಾರುದ್ದದ ಅಂತರದಲ್ಲಿ ದೋಣಿ ತಪ್ಪಿತು. ನಾನು ನೀರಿಗೆ ಉರುಳಿದೆ, ಮಣಿಕಟ್ಟಿನ ದಾರ ಕಳಚಿ ಎಂಜಿನ್ ನಿಂತಿತು. ದೋಣಿಯ ಮುದುಕನು ಬೈಯಲೂ ಇಲ್ಲ. ನನ್ನ ಮುಖ ನೋಡಿ, ಬಲೆ ಎಳೆಯತೊಡಗಿದನು.

ಸಂಜೆ ಶಿಷ್ಯನು ಎಂಜಿನ್ನಿನೊಳಗೆ ಸಿಹಿನೀರು ಹರಿಸಿ ಉಪ್ಪು ತೊಳೆದನು. ನಲ್ಲಿ ನಿಲ್ಲಿಸುತ್ತ, “ಇಷ್ಟು ನೀರು ಎರಡು ಎತ್ತು ಕುಡೀತಿದ್ವು ನೋಡ್ರೀ ಸರ” ಎಂದನು.