ಮಳೆಯ ಲೆಕ್ಕ

ಹೊರಮಾವಿನ ಸುತ್ತಿನಲ್ಲಿ ನೀರಿನ ಪಾಠ ಹೇಳಹೊರಟ ಉಪಾಧ್ಯಾಯರಿಗೆ ದೃಷ್ಟಾಂತಗಳ ಬಡತನವಿಲ್ಲ. ಹೆಬ್ಬಾಳ, ನಾಗವಾರ, ಕಲ್ಕೆರೆ, ರಾಂಪುರ, ಎಲೆಮಲ್ಲಪ್ಪಶೆಟ್ಟಿ ಕೆರೆ ಎಂದು, ಮೇಲಿನದರ ಕೋಡಿ ಕೆಳಗಿನದಕ್ಕೆ ಹರಿಯುವಂತೆ ಹಿಂದಿನವರು ಜೋಡಿಸಿಟ್ಟ ಕೆರೆಗಳ ಸಾಲಿನಲ್ಲಿಯೇ ಆ ಊರಿದೆ. ಗದ್ದೆಬಯಲು ಬಡಾವಣೆಗಳಾದುವು, ನೀರು ಮಾತ್ರ ತನ್ನ ದಾರಿಯನ್ನು ಮರೆಯಲಿಲ್ಲ. 2025ರ ಮೇ ತಿಂಗಳ ಒಂದು ರಾತ್ರಿ ಬೆಂಗಳೂರಿನಲ್ಲಿ 100 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿದಾಗ, ಅಲ್ಲಿಯ ಸಾಯಿ ಬಡಾವಣೆಯ ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು.

ಆ ಕಡೆಯ ವಿಜ್ಞಾನದ ಮೇಷ್ಟರೊಬ್ಬರ ತರಗತಿಯಲ್ಲಿ ಪ್ರೊಜೆಕ್ಟರು ಉಂಟು, ಪರದೆಯೂ ಉಂಟು. ಅದರಲ್ಲಿ ದೂರದೇಶದ ಕಾಡುಗಳ ಮಳೆಯನ್ನು ತೋರಿಸುತ್ತ ಬಂದಿದ್ದರು. (ಪರದೆಗಾಗಿ ಮಾಡಿದ ಕತ್ತಲೆ ಹಿಂದಿನ ಬೆಂಚಿನವರ ನಿದ್ರೆಗೆ ಬಹಳ ಅನುಕೂಲ.) ಜೂನಿನಲ್ಲಿ ಶಾಲೆ ತೆರೆದ ಮೇಲೆ ಅವರು, "ನೀರು ಎಲ್ಲಿಂದ ಬಂತು?" ಎಂದು ಕೇಳಿದರು. "ಮೋಡದಿಂದ" ಎಂದಿತು ತರಗತಿ. ಮೂಲೆಯಿಂದ ಒಬ್ಬ ಹುಡುಗ, "ಅದು ಸರಿ ಸಾರ್, ನಮ್ಮ ಬೀದಿಗೇ ಏಕೆ ಬಂತು?" ಎಂದ. ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಅಂದಿನಿಂದ ಪಾಠದ ಗತಿಯೇ ಬದಲಾಯಿತು. ಅಂಗಳದಲ್ಲಿ ನೆಟ್ಟಗಿನ ಗೋಡೆಯ ಒಂದು ಡಬ್ಬವನ್ನಿಟ್ಟು ಅಡಿಪಟ್ಟಿಯಿಂದ ಮಳೆ ಅಳೆದರು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರವು ವಿಜ್ಞಾನ ಮಂದಿರದೊಡನೆ 2020ರಲ್ಲಿ ಹೊರತಂದ 'ಮೇಘ ಸಂದೇಶ'ವೆಂಬ ಫೋನಿನ ಸಾಧನದ ಅಂಕಿಗಳನ್ನು ಪಕ್ಕಕ್ಕಿಟ್ಟು ತಾಳೆ ನೋಡಿದರು. ಹೆಸರು ಕೇಳಿ ಕಾಳಿದಾಸನ ಯಕ್ಷ ಹಿಗ್ಗುತ್ತಿದ್ದನೇನೋ! ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು. 30 ಅಡಿಗೆ 40 ಅಡಿಯ ನಿವೇಶನ ಸುಮಾರು 111 ಚದರ ಮೀಟರು. 100 ಮಿಲಿಮೀಟರಿಗೆ 11,000 ಲೀಟರಿನಷ್ಟಾಯಿತು. 2024ರ ಬೇಸಗೆಯಲ್ಲಿ ಜಿಲ್ಲಾಡಳಿತವೇ ದರ ಗೊತ್ತುಮಾಡಬೇಕಾಗಿ ಬಂದಿದ್ದ 12,000 ಲೀಟರಿನ ದೊಡ್ಡ ಟ್ಯಾಂಕರಿಗೆ ಇದು ತುಸುವೇ ಕಡಮೆ. ಕೊಡವೊಂದಕ್ಕೆ ಸರದಿ ಕಾದಿದ್ದ ಮಕ್ಕಳು ಈ ಅಂಕಿಯನ್ನು ಮೂರು ಸಲ ಗುಣಿಸಿ ನೋಡಿದರು.

ಮುಂದಿನ ಹೆಜ್ಜೆಯೇ ತೊಡಕಿನದು. ಸರ್ಕಾರದ 'ದಿಶಾಂಕ್' ಎಂಬ ನಕ್ಷೆಯಲ್ಲಿ ನಿಂತ ನೆಲದ ಸರ್ವೆ ನಂಬರು ಕಾಣುತ್ತದೆ. ಹಳೆಯ ಗ್ರಾಮದ ಕೆರೆಯೂ ರಾಜಕಾಲುವೆಯೂ ಕಾಣುತ್ತವೆ. ಅದನ್ನು ಪರದೆಯ ಮೇಲೆ ತೆರೆಯಬೇಕೆಂದಿದ್ದ ದಿನ ಬೆಳಿಗ್ಗೆ ಹುಡುಗಿಯೊಬ್ಬಳು ಮೇಷ್ಟರ ಮೇಜಿನ ಬಳಿ ಬಂದು ನಿಂತಳು. ರಾತ್ರಿ ತಂದೆಯ ಫೋನು ಹಿಡಿದು ತಮ್ಮ ಬಾಗಿಲಲ್ಲಿ ಎರಡು ಸಲ ನೋಡಿದ್ದಳಂತೆ. ಒಮ್ಮೆ ಚುಕ್ಕೆ ಕಾಲುವೆಯ ಗೆರೆಯೊಳಗೆ, ಒಮ್ಮೆ ಹೊರಗೆ.

"ಯಾವುದು ನಿಜ, ಸಾರ್? ಅಪ್ಪ ಸಾಲ ಮಾಡಿ ಕಟ್ಟಿಸಿದ ಮನೆ."

ಮೇಷ್ಟರು ಕೂಡಲೇ ಉತ್ತರ ಹೇಳಲಿಲ್ಲ. ಮಕ್ಕಳ ಪ್ರಶ್ನೆಯೇ ಪಾಠವಾಗಲಿ ಎಂದು ಹೊರಟವರು, ಅದು ಒಂದು ಮಗುವಿನ ಹೊಸ್ತಿಲ ಮೇಲೆಯೇ ಬಂದು ಕೂರುವುದೆಂದು ಎಣಿಸಿರಲಿಲ್ಲ. ಆ ದಿನ ಪರದೆಯನ್ನು ಇಳಿಸಲಿಲ್ಲ. ಫೋನಿನ ಚುಕ್ಕೆ ಬಯಲಿನಲ್ಲಿಯೂ ಐದು ಮೀಟರಿನಷ್ಟು ಅತ್ತಿತ್ತ ಸರಿಯಬಲ್ಲುದೆಂದೂ, 30 ಅಡಿಯ ನಿವೇಶನದ ಅಗಲವೇ ಒಂಬತ್ತು ಮೀಟರೆಂದೂ, ಇಂಥ ಗೆರೆಯನ್ನು ನಿರ್ಣಯಿಸುವವನು ಸರ್ವೆಯವನೇ ಎಂದೂ ಇಡೀ ತರಗತಿಗೆ ವಿವರಿಸಿದರು. ಯಾರ ಮನೆಯ ಹೆಸರನ್ನೂ ಎತ್ತಲಿಲ್ಲ. ಹಾಗೆಂದು ಅವಳ ಮನೆ ಕಾಲುವೆಯ ಹೊರಗಿದೆಯೆಂಬ ಸುಳ್ಳು ಸಮಾಧಾನವನ್ನೂ ಅವಳಿಗೆ ಹೇಳಲಿಲ್ಲ.

ಶನಿವಾರ ಎಲ್ಲರೂ ಟೇಪು ಹಿಡಿದು ಕಾಲುವೆಯ ದಡಕ್ಕೆ ಹೋದರು. ನೀರಿನ ಹತ್ತಿರಕ್ಕೆ ಬಿಡದೆ, ಸೇತುವೆಯ ಮೇಲಿನಿಂದಲೇ ಅಗಲವನ್ನು ಎರಡು ಕಡೆ ಅಳೆಸಿದರು. ಟೇಪಿನ ಸೊನ್ನೆಯ ತುದಿಯನ್ನು ಆ ಹುಡುಗಿಯೇ ಹಿಡಿದಿದ್ದಳು. ಸಂಜೆ ಅವಳ ನೋಟ್‌ಪುಸ್ತಕದಲ್ಲಿ ಎರಡು ಅಳತೆಗಳ ಕೆಳಗೆ ಇನ್ನೊಂದು ಸಾಲಿತ್ತು: "ನಮ್ಮ ಮನೆ — ಇನ್ನೂ ಅಳೆಯಬೇಕು."